ಮಕ್ಕಳ ಮನೆ ಕಡಲಾಚೆ ಇದ್ದರೆ: ಶಿರಸಿ, ಕಾರವಾರದ ಕಡೆಯ ದಂಪತಿಗಳಿಗೆ ಒಂದು ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಗನೋ ಮಗಳೋ ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಮನೆ ಈಗ ಊರಿಗೊಂದಾದರೂ ಸಿಗುತ್ತದೆ. ಘಟ್ಟ ಇಳಿದು ಭಟ್ಕಳ, ಹೊನ್ನಾವರ, ಕಾರವಾರಕ್ಕೆ ಬಂದರೆ ದುಬೈ, ಮಸ್ಕತ್ ಅನ್ನುವುದು ಪಕ್ಕದ ತಾಲೂಕಿನ ಹಾಗೆ ಮಾತಿನಲ್ಲಿ ಬಂದು ಹೋಗುತ್ತದೆ. ಆದರೂ ಅರವತ್ತರ ಆಸುಪಾಸಿನ ಗಂಡ-ಹೆಂಡತಿ ಇಬ್ಬರೇ ಹೊರಡಬೇಕು ಅಂದಾಗ ದಿಕ್ಕು ತೋಚುವುದಿಲ್ಲ. ತೋಟ ಯಾರು ನೋಡುತ್ತಾರೆ? ಇಂಗ್ಲಿಷ್ ಸರಿಯಾಗಿ ಬರದಿದ್ದರೆ ಏನು ಗತಿ? ವಿಮಾನದಲ್ಲಿ ಏನು ಊಟ ಮಾಡುವುದು?

ನಾನು ಮತ್ತು ನಮ್ಮನೆಯವರು ಶಿರಸಿ ಹತ್ತಿರದ ಅಡಿಕೆ ತೋಟದವರು. ಮಗಳು ಅಮೆರಿಕದಲ್ಲಿದ್ದಾಳೆ, ಮೈದುನನ ಸಂಸಾರ ದುಬೈಯಲ್ಲಿದೆ. ಟೂರ್ ಪ್ಯಾಕೇಜ್ ಹಿಡಿದು ವಾರದಲ್ಲಿ ನಾಲ್ಕು ದೇಶ ನೋಡುವ ಆಸೆ ನಮಗಿಲ್ಲ. ನಮ್ಮವರ ಮನೆಯಲ್ಲಿ ಉಳಿದು, ಇಬ್ಬರೇ ಅಕ್ಕಪಕ್ಕ ಸುತ್ತಾಡಿ ಬರುವುದು ನಮಗೆ ಇಷ್ಟ. ಹಾಗೆ ಹೋಗಬೇಕು ಅಂತಿರುವವರಿಗೆ ಇದನ್ನು ಬರೆದಿದ್ದೇನೆ. ಕ್ರಮ ತಪ್ಪಬೇಡಿ. ಮೊದಲು ತಿಂಗಳು ಗೊತ್ತು ಮಾಡಿ. ಆಮೇಲೆ ಪಾಸ್‌ಪೋರ್ಟ್, ವೀಸಾ. ಟಿಕೆಟ್ ಅದಾದ ಮೇಲೆ.

ಯಾವಾಗ ಹೋಗುವುದು, ಎಷ್ಟು ದಿನ ಇರುವುದು

ಟಿಕೆಟ್ ಅಗ್ಗ ಇದೆ ಅಂತ ತಿಂಗಳು ಆರಿಸಬೇಡಿ. ಮನೆಯ ಕೆಲಸ ನೋಡಿ ಆರಿಸಿ. ಅಡಿಕೆಯವರಿಗೆ ನವೆಂಬರಿನಿಂದ ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾಗುತ್ತದೆ. ಬೇಯಿಸಿ, ಒಣಗಿಸಿ, ಮಾರುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಸಲೇಬೇಕು. ಮತ್ತೆ 40-45 ದಿನಕ್ಕೆ ಎರಡನೇ ಸಲ ಹೊಡೆಸಬೇಕು. ಆ ಹೊತ್ತಿಗೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುವುದೇ ಕಷ್ಟ, ಯಜಮಾನರು ಮನೆಯಲ್ಲಿ ಇಲ್ಲದಿದ್ದರೆ ಇನ್ನೂ ಕಷ್ಟ. ಹಾಗಾಗಿ ತೋಟದವರಿಗೆ ಒಳ್ಳೆಯ ಸಮಯ ಮಾರ್ಚ್ ನಡುವಿನಿಂದ ಮೇ ಮೂರನೇ ವಾರದವರೆಗೆ. ಅದು ಮದುವೆ, ಮುಂಜಿಯ ಕಾಲವೂ ಹೌದು. ಹತ್ತಿರದವರ ಮನೆಯಲ್ಲಿ ಕಾರ್ಯ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ವರ್ಷದಲ್ಲಿ ಅದು ಮುಗಿಯುವ ತನಕ ಮನೆಗೆ ನೆಂಟರು ಬರುತ್ತಲೇ ಇರುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕರಾವಳಿಯ ಮೀನುಗಾರ ಕುಟುಂಬಗಳ ಲೆಕ್ಕವೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಬಿಡುವು ಸಿಗುವುದು ಆಗಲೇ. ಅಮೆರಿಕ, ಯುರೋಪಿಗೆ ಅದು ಚೆನ್ನಾದ ಕಾಲ, ಮೊಮ್ಮಕ್ಕಳಿಗೆ ಶಾಲೆಯ ರಜೆಯೂ ಸಿಗುತ್ತದೆ. ಗಲ್ಫಿಗೆ ಮಾತ್ರ ಬೇಡ. ಆ ತಿಂಗಳುಗಳಲ್ಲಿ ದುಬೈಯಲ್ಲಿ ಹಗಲು ಹೊರಗೆ ಕಾಲಿಡಲು ಆಗುವುದಿಲ್ಲ, ಮನೆಯ ಎಸಿ ಒಳಗೇ ಕೂರಬೇಕಾಗುತ್ತದೆ. ಗಲ್ಫಿಗೆ ನವೆಂಬರಿನಿಂದ ಫೆಬ್ರುವರಿ ಚೆಂದ.

ಎಷ್ಟು ದಿನ ಅನ್ನುವುದಕ್ಕೆ ನನ್ನ ಅಭಿಪ್ರಾಯ ಗಟ್ಟಿ ಇದೆ. ಅಮೆರಿಕದವರು ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಹಾಗಂತ ಆರು ತಿಂಗಳೂ ಇರಬೇಕಾಗಿಲ್ಲ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಮನೆಯಲ್ಲಿ ನೀವಿಬ್ಬರೇ. ಅಂಗಡಿಗೆ ಹೋಗಬೇಕೆಂದರೂ ಕಾರು ಬೇಕು. ಮೊದಲ ತಿಂಗಳು ಹೊಸತು, ಎರಡನೇ ತಿಂಗಳು ರೂಢಿಯಾಗುತ್ತದೆ, ಮೂರನೇ ತಿಂಗಳಿಗೆ ನಮ್ಮವರ ಮನಸ್ಸು ಅಂಗಳದಲ್ಲಿ, ಕೊಟ್ಟಿಗೆಯಲ್ಲಿ ಇರುತ್ತದೆ. ಆರರಿಂದ ಎಂಟು ವಾರ ಸಾಕು. ಆಸೆ ಉಳಿದಿದ್ದರೆ ಇನ್ನೊಂದು ವರ್ಷ ಹೋಗಬಹುದಲ್ವಾ? ಬಾಣಂತನದಂಥ ಕಾರಣ ಇದ್ದರೆ ಮಾತು ಬೇರೆ.

ಹೆಸರು ಸರಿಮಾಡಿಕೊಂಡು ಪಾಸ್‌ಪೋರ್ಟ್

ನಮ್ಮ ಕಡೆಯವರ ಅರ್ಜಿ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸೊಸೆಯ ಹೆಸರನ್ನೇ ಬದಲಿಸುವ ಪದ್ಧತಿ ಇತ್ತು. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಗಂಡಸರದು ಇನ್ನೊಂದು ತರಹ. ಹೆಗಡೆ, ಭಟ್ಟ ಅನ್ನುವುದನ್ನು ಇಂಗ್ಲಿಷಿನಲ್ಲಿ ಒಂದೊಂದು ಕಡೆ ಒಂದೊಂದು ಅಕ್ಷರ ಸೇರಿಸಿ ಬರೆದಿರುತ್ತಾರೆ.

ಹೀಗೆ ಮಾಡಿ. ಒಂದು ಮಧ್ಯಾಹ್ನ ಊಟದ ನಂತರ ಇಬ್ಬರ ಎಲ್ಲಾ ದಾಖಲೆಗಳನ್ನೂ ಜಗುಲಿಯ ಮೇಲೆ ಹರವಿ. ಆಧಾರ್, ಪ್ಯಾನ್, ಮತದಾರರ ಚೀಟಿ, ಶಾಲೆಯ ಸರ್ಟಿಫಿಕೇಟ್, ಪಹಣಿ. ಪ್ರತಿಯೊಂದರಲ್ಲೂ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಎಲ್ಲಿ ವ್ಯತ್ಯಾಸ ಇದೆ ಅಂತ ಆಗಲೇ ಕಾಣುತ್ತದೆ. ಮೊದಲು ಆಧಾರ್ ಸರಿಮಾಡಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಹೆಂಡತಿ ಗಂಡನ ಹೆಸರು ಸೇರಿಸಿಕೊಳ್ಳುವುದಾದರೆ ಮದುವೆ ನೋಂದಣಿ ಪತ್ರ ಬೇಕು. ಅದಿಲ್ಲದಿದ್ದರೆ ಇಬ್ಬರ ಜಂಟಿ ಫೋಟೋ ಅಂಟಿಸಿ ಸಹಿ ಮಾಡಿದ ಘೋಷಣಾ ಪತ್ರ ಕೊಡಬಹುದು. ಆದರೂ ನಾನು ಹೇಳುವುದು, ಹಳೆಯ ಮದುವೆಯಾದರೂ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿಬಿಡಿ. ವೀಸಾಕ್ಕೂ ಅದು ಬೇಕಾಗುತ್ತದೆ.

ಜನನ ಪ್ರಮಾಣಪತ್ರ ಇಲ್ಲ ಅಂತ ಹೆದರಬೇಡಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅದು ಕಡ್ಡಾಯ. ನಮ್ಮ ವಯಸ್ಸಿನವರಿಗೆ ಶಾಲೆಯ ಸರ್ಟಿಫಿಕೇಟ್, ಪ್ಯಾನ್‌ನಂಥ ದಾಖಲೆ ನಡೆಯುತ್ತದೆ. ಹೆಸರಿನ ಕಾಲಮ್ಮು, ಅಡ್ಡಹೆಸರಿನ ಕಾಲಮ್ಮು ಎರಡನ್ನೂ ತುಂಬಿಸಿ. ಒಂದೇ ಹೆಸರು ಇರುವ ಪಾಸ್‌ಪೋರ್ಟಿನಲ್ಲಿ ಭೇಟಿ ವೀಸಾ ಹಿಡಿದು ಬರುವವರಿಗೆ ಯುಎಇ (ದುಬೈ ಇರುವ ದೇಶ) 2022ರ ನವೆಂಬರಿನಿಂದ ನಿಯಮ ಬಿಗಿ ಮಾಡಿದೆ. ಅರ್ಜಿ ಆನ್‌ಲೈನಿನಲ್ಲೇ. 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅರ್ಜಿ ತುಂಬುವಾಗ ಅದಕ್ಕಿಂತ ಹತ್ತಿರದ್ದು ತೋರಿಸಿದರೆ ಅದನ್ನೇ ಆರಿಸಿ. ಹಳೆಯ ಪಾಸ್‌ಪೋರ್ಟ್ ಇದ್ದವರು ವಾಪಸು ಬರುವ ದಿನದಿಂದ ಮುಂದೆ ಆರು ತಿಂಗಳಾದರೂ ಅವಧಿ ಉಳಿದಿದೆಯಾ ನೋಡಿಕೊಳ್ಳಿ.

ವೀಸಾ: ತೋಟದವರು ಯಾವ ಕಾಗದ ತೋರಿಸಬೇಕು

ದೇಶದಿಂದ ದೇಶಕ್ಕೆ ನಿಯಮ ಬೇರೆ. ಚುಟುಕಾಗಿ ಹೇಳುತ್ತೇನೆ.

ಅಮೆರಿಕಕ್ಕೆ ಬಿ1/ಬಿ2 ಅನ್ನುವ ಭೇಟಿ ವೀಸಾ. ಡಿಎಸ್-160 ಫಾರಂ ತುಂಬಿ, ಒಬ್ಬೊಬ್ಬರಿಗೆ 185 ಡಾಲರ್ ಶುಲ್ಕ ಕಟ್ಟಬೇಕು. ಫೋಟೋ ಎರಡಿಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ತೆಗೆದು ತೆಗೆಸಬೇಕು. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. ನಮಗೆ ಅನುಕೂಲದ ಊರುಗಳು ಮುಂಬೈ, ಚೆನ್ನೈ, ಹೈದರಾಬಾದ್. ಕಾರವಾರ, ಕುಮಟಾದವರಿಗೆ ಕೊಂಕಣ ರೈಲು ಇರುವುದರಿಂದ ಮುಂಬೈ ಸುಲಭ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಅಲ್ಲಿ ವೀಸಾ ಸಂದರ್ಶನಕ್ಕೆ ದಿನ ಕೊಡುತ್ತಾರಾ ಅಂತ ಅರ್ಜಿ ಹಾಕುವಾಗ ನೋಡಿ. ಗಂಡ-ಹೆಂಡತಿ ಇಬ್ಬರಿಗೂ ಒಟ್ಟಿಗೆ ದಿನ ತೆಗೆದುಕೊಳ್ಳಿ.

ಕೆನಡಾದಲ್ಲಿ ಮಕ್ಕಳು ಪಿಆರ್ (ಕಾಯಂ ವಾಸದ ಹಕ್ಕು ಪಡೆದವರು) ಅಥವಾ ಪೌರರಾಗಿದ್ದರೆ ಅಪ್ಪ-ಅಮ್ಮನಿಗೆ ಸೂಪರ್ ವೀಸಾ ಇದೆ. 2022ರಿಂದ ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಇರಬೇಕು. ಜರ್ಮನಿ, ಫ್ರಾನ್ಸಿನಂಥ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) 180 ದಿನದಲ್ಲಿ 90 ದಿನ ಮಾತ್ರ, ಅಲ್ಲಿಗೂ 30,000 ಯೂರೋ ವಿಮೆ ಕಡ್ಡಾಯ. ಬ್ರಿಟನ್ನಿನಲ್ಲಿ ಆರು ತಿಂಗಳು. ಯುಎಇಗೆ 30 ಅಥವಾ 60 ದಿನದ ಭೇಟಿ ವೀಸಾ, ಅಲ್ಲಿರುವ ನಮ್ಮವರೇ ಮಾಡಿಸುತ್ತಾರೆ.

ಈಗ ಮುಖ್ಯ ವಿಷಯ. ವೀಸಾ ಕೊಡುವವರು ನೋಡುವುದು ಒಂದೇ, ಇವರು ವಾಪಸು ಬರುತ್ತಾರಾ ಅಂತ. ಪೇಟೆಯವರು ಸಂಬಳದ ಚೀಟಿ, ಆದಾಯ ತೆರಿಗೆಯ ಕಾಗದ ತೋರಿಸುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ನಮ್ಮಲ್ಲಿ ಎಷ್ಟೋ ಜನರ ಹತ್ತಿರ ಅದು ಇರುವುದಿಲ್ಲ. ಅದಕ್ಕೆ ಕಳವಳ ಬೇಡ. ಪಹಣಿ, ಸೊಸೈಟಿಗೆ ಅಡಿಕೆ ಹಾಕಿದ ಎರಡು-ಮೂರು ವರ್ಷದ ಬಿಲ್ಲು, ಸೊಸೈಟಿಯ ಠೇವಣಿ ಪತ್ರ, ಬ್ಯಾಂಕಿನ ಆರು ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಪಹಣಿ ಕನ್ನಡದಲ್ಲಿರುತ್ತದೆ. ಬ್ರಿಟನ್ನಿಗೆ, ಯುರೋಪಿಗೆ ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ಅನುವಾದಕರ ಸಹಿ, ವಿಳಾಸ ಹಾಕಿಸಿ. ಹೊರಡುವ ಮುಂಚಿನ ವಾರ ಖಾತೆಗೆ ಒಮ್ಮೆಗೇ ದೊಡ್ಡ ಮೊತ್ತ ತುಂಬಿಸುವುದು ಬೇಡ. ಅದನ್ನು ನೋಡಿದರೆ ಅವರಿಗೆ ಅನುಮಾನ ಬರುತ್ತದೆ.

ಅಮೆರಿಕದ ಸಂದರ್ಶನದಲ್ಲಿ ಎಷ್ಟೋ ಸಲ ಕಾಗದ ನೋಡುವುದೇ ಇಲ್ಲ. ಯಾಕೆ ಹೋಗುತ್ತೀರಿ, ಎಷ್ಟು ದಿನ, ಮಗಳು ಏನು ಕೆಲಸ ಮಾಡುತ್ತಾಳೆ, ಊರಿನಲ್ಲಿ ನೀವೇನು ಮಾಡುತ್ತೀರಿ. ಅಷ್ಟೇ. ನಿಜವನ್ನು ಚಿಕ್ಕದಾಗಿ ಹೇಳಿ. "ಮಗಳನ್ನು, ಮೊಮ್ಮಗುವನ್ನು ನೋಡಿಕೊಂಡು ಬರುತ್ತೇವೆ. ಎರಡು ತಿಂಗಳು. ಮಳೆಗೆ ಮೊದಲು ವಾಪಸು, ತೋಟಕ್ಕೆ ಮದ್ದು ಹೊಡೆಸಬೇಕು." ಇದಕ್ಕಿಂತ ಒಳ್ಳೆಯ ಉತ್ತರ ಬೇಡ, ಯಾಕಂದರೆ ಇದು ನಿಜ. ಯಾರೋ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಬೇಡ. ಗಂಡ ಒಂದು, ಹೆಂಡತಿ ಒಂದು ಹೇಳದ ಹಾಗೆ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ.

ಮನೆ, ತೋಟ ಒಪ್ಪಿಸಿ ಹೋಗುವುದು

ಒಬ್ಬರ ಮೇಲೇ ಎಲ್ಲಾ ಹೊರೆ ಹಾಕಬೇಡಿ. ಪಂಪು, ನೀರು ಒಬ್ಬರಿಗೆ, ಕೊಟ್ಟಿಗೆ ಇನ್ನೊಬ್ಬರಿಗೆ, ದೇವರಿಗೆ ದೀಪ ಪಕ್ಕದ ಮನೆಯವರಿಗೆ. ಪಗಾರು ಎಷ್ಟು, ಯಾವ ದಿನ ಕೊಡುತ್ತೀರಿ ಅಂತ ಬಾಯಿಬಿಟ್ಟು ಹೇಳಿ. "ಅಡ್ಡಿಲ್ಲ, ನೋಡ್ಕಳ್ತೆ" ಅನ್ನುವ ಬಾವನಿಗೂ ಖರ್ಚಿನ ದುಡ್ಡು ಕೈಯಲ್ಲಿ ಕೊಟ್ಟೇ ಹೋಗಿ. ಪಂಪು ಸುಟ್ಟರೆ ಯಾರನ್ನು ಕರೆಯಬೇಕು, ಆಕಳಿಗೆ ಹುಷಾರಿಲ್ಲದಿದ್ದರೆ ಯಾವ ಡಾಕ್ಟರು, ಎಲ್ಲಾ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ.

ತಾರೀಖಿನ ಕೆಲಸಗಳನ್ನು ಮರೆಯಬೇಡಿ. ಬೆಳೆಸಾಲ ಕಟ್ಟುವ ಕೊನೆಯ ದಿನ, ಕರೆಂಟ್ ಬಿಲ್ಲು, ಬೆಳೆವಿಮೆಯ ಕಂತು. ನವೆಂಬರಿನಲ್ಲಿ ಹೋಗುವ ಪಿಂಚಣಿದಾರರು ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿ ಕೊಡುವುದನ್ನು ಹೊರಡುವ ಮೊದಲೇ ಕಲಿಯಿರಿ.

ಮೊಬೈಲ್ ನಂಬರ್ ಸಾಯದಂತೆ ನೋಡಿಕೊಳ್ಳಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಅಷ್ಟೂ ದಿನಕ್ಕೆ ಸಾಕಾಗುವ ರೀಚಾರ್ಜ್ ಮಾಡಿಸಿ, ರೋಮಿಂಗ್ ಚಾಲೂ ಮಾಡಿಸಿ, ಡೇಟಾ ಮಾತ್ರ ಬಂದ್ ಇಡಿ. ಅಲ್ಲಿ ಮಾತಾಡಲು ಮಗಳ ಮನೆಯ ವೈಫೈ ಸಾಕು.

ಡಬ್ಬ ಕಟ್ಟುವುದು

ಇದರಲ್ಲಿ ನಮ್ಮ ಹೆಂಗಸರ ಉತ್ಸಾಹ ದೊಡ್ಡದು. ಮಗಳು ಫೋನಿನಲ್ಲಿ "ಆಯಿ, ಏನೂ ತರಬೇಡ" ಅನ್ನುತ್ತಾಳೆ. ಆದರೆ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಬಿಚ್ಚಿದಾಗ ಅವಳ ಮುಖ ನೋಡಬೇಕು. ಒಯ್ಯಿರಿ, ಖಂಡಿತ ಒಯ್ಯಿರಿ. ಕಾನೂನು ತಿಳಿದುಕೊಂಡು ಒಯ್ಯಿರಿ.

ಮೊದಲು ಬೇಡದ್ದು. ಅಮೆರಿಕಕ್ಕೆ ಅಕ್ಕಿ ಬೇಡ. ಖಾಪ್ರಾ ಅನ್ನುವ ಹುಳದ ಭಯಕ್ಕೆ ನಮ್ಮ ದೇಶದಿಂದ ಪ್ರಯಾಣಿಕರು ಅಕ್ಕಿ, ಕಡಲೆ ತರುವುದನ್ನು ನಿಷೇಧಿಸಿದ್ದಾರೆ. ಹಸಿ ಕರಿಬೇವು, ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ, ಮಾಂಸ ಬೇಡ. ಮಗಳ ಹಿತ್ತಿಲಲ್ಲಿ ನೆಡಲು ಅಂತ ವೀಳ್ಯದ ಬಳ್ಳಿ, ದಾಸವಾಳದ ಕಡ್ಡಿ ಒಯ್ಯುವ ಆಸೆಯನ್ನೂ ಬಿಡಿ. ಯುರೋಪ್, ಬ್ರಿಟನ್ನಿಗೆ ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ, ಅಂದರೆ ತುಪ್ಪ, ಪೇಡೆ ಎರಡೂ ಇಲ್ಲ. ಯುಎಇಗೆ ಗಸಗಸೆ ಒಯ್ದರೆ ಜೈಲಿನವರೆಗೂ ಹೋಗಬಹುದು, ಅಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಮಸಾಲೆ ಪುಡಿಯಲ್ಲಿ ಗಸಗಸೆ ಬೆರೆತಿದ್ದರೂ ಬೇಡ. ವೀಳ್ಯದೆಲೆ, ಪಾನ್ ಕೂಡ ಅಲ್ಲಿ ನಿಷಿದ್ಧ. ಕವಳದ ಅಭ್ಯಾಸ ಇದ್ದವರು ಹೊರಡುವ ಒಂದು ತಿಂಗಳು ಮೊದಲೇ ಕಡಿಮೆ ಮಾಡುತ್ತಾ ಬನ್ನಿ. ನಮ್ಮನೆಯವರು ಲವಂಗ, ಏಲಕ್ಕಿ ಬಾಯಿಗೆ ಹಾಕಿಕೊಂಡು ಸುಧಾರಿಸಿಕೊಂಡರು. ಒಣ ಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನಕ್ಕೇ ಹಾಕಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಒಯ್ಯಬಹುದಾದ್ದು ಬೇಕಾದಷ್ಟಿದೆ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಒಣ ಮುರುಗಲು ಸಿಪ್ಪೆ, ಕಾಳುಮೆಣಸು, ಏಲಕ್ಕಿ, ಉಪ್ಪಿನಕಾಯಿ, ಜೋನಿಬೆಲ್ಲ, ತೊಡೆದೇವು. ಕಾರವಾರದ ಕಡೆಯವರು ಅಮೆರಿಕಕ್ಕೆ ಒಣ ಸೀಗಡಿ, ಒಣ ಮೀನು ಮನೆ ಬಳಕೆಗೆ ಒಯ್ಯಬಹುದು. ವಾಸನೆ ಬಟ್ಟೆಗೆ ಹತ್ತದ ಹಾಗೆ ಗಾಳಿ ತೆಗೆದು ಸೀಲ್ ಮಾಡಿಸಿ, ಮೇಲೊಂದು ಡಬ್ಬಿಗೆ ಹಾಕಿ.

ಅಪ್ಪೆಮಿಡಿಯನ್ನು ಗಾಜಿನ ಬಾಟಲಿಯಲ್ಲಿ ಒಯ್ಯಬೇಡಿ. ಒಳಮುಚ್ಚಳ ಇರುವ ದಪ್ಪ ಪ್ಲಾಸ್ಟಿಕ್ ಡಬ್ಬಿ ತನ್ನಿ. ಕಂಠದವರೆಗೆ ತುಂಬಿಸಬೇಡಿ, ಎರಡು ಬೆರಳು ಜಾಗ ಬಿಡಿ. ಮಿಡಿ ಹುದುಗಿ ಗಾಳಿ ಕಟ್ಟುತ್ತದೆ, ಜಾಗ ಇಲ್ಲದಿದ್ದರೆ ರಸ ಉಕ್ಕುತ್ತದೆ. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಪಿ. ಮುಚ್ಚಳದ ಸುತ್ತ ಅಗಲದ ಟೇಪು ಎರಡು ಸುತ್ತು. ಆಮೇಲೆ ಒಂದರೊಳಗೊಂದು ಎರಡು ಪ್ಲಾಸ್ಟಿಕ್ ಚೀಲ, ನಡುವೆ ಹಳೆಯ ಪೇಪರು. ಪೆಟ್ಟಿಗೆಯ ನಟ್ಟನಡುವೆ, ಹಳೆಯ ಟವೆಲಿನಲ್ಲಿ ಸುತ್ತಿ ಇಡಿ. ಅಂಚಿಗೆ ಇಟ್ಟರೆ ಪೆಟ್ಟು ಬೀಳುವುದು ಅಲ್ಲಿಗೇ. ಜೋನಿಬೆಲ್ಲಕ್ಕೂ ಇದೇ ಕ್ರಮ. ಇವೆರಡೂ ಕೈಚೀಲದಲ್ಲಿ ಬೇಡ, 100 ಮಿಲಿಗಿಂತ ಜಾಸ್ತಿ ದ್ರವ ಒಳಗೆ ಬಿಡುವುದಿಲ್ಲ.

ತೊಡೆದೇವು ಕಾಗದದಷ್ಟು ತೆಳು. ಅದನ್ನು ಕೈಚೀಲದಲ್ಲೇ ಒಯ್ಯಬೇಕು. ಅಳತೆಗೆ ಸರಿಹೋಗುವ ಗಟ್ಟಿ ಡಬ್ಬಿ ಹುಡುಕಿ, ಅಡಿಗೆ ಮೆತ್ತಗಿನ ಬಟ್ಟೆ ಹಾಕಿ, ಐದಾರು ತೊಡೆದೇವಿಗೊಂದು ಕಾಗದ ಇಟ್ಟು, ಮೇಲೆ ಖಾಲಿ ಉಳಿದ ಜಾಗಕ್ಕೂ ಕಾಗದ ತುರುಕಿ. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು.

ಅಲ್ಲಿ ಇಳಿದಾಗ ಕಸ್ಟಮ್ಸ್‌ನವರು ತಿನ್ನುವ ಪದಾರ್ಥ ಇದೆಯಾ ಅಂತ ಕೇಳಿದರೆ ಇದೆ ಅನ್ನಿ. ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ಹೇಳಿ ತೋರಿಸಿದರೆ ತಪ್ಪಿಲ್ಲ. ಬೇಡದ ವಸ್ತು ಇದ್ದರೆ ತೆಗೆದುಕೊಂಡು ಉಳಿದದ್ದು ಕೊಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಆಸ್ಟ್ರೇಲಿಯಾ ಇದರಲ್ಲಿ ಬಹಳ ಬಿಗಿ. ಪ್ರತಿ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಏನದು ಅಂತ ಬರೆದು ಅಂಟಿಸಿ, ವಿವರಿಸುವ ಕಷ್ಟ ಅರ್ಧ ತಪ್ಪುತ್ತದೆ.

ಮೈಮೇಲೆ ಬಂಗಾರ ಜಾಸ್ತಿ ಬೇಡ. ಒಯ್ಯಲೇಬೇಕಿದ್ದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯಿರಿ. ವಾಪಸು ಬರುವಾಗ ಇದು ನಮ್ಮದೇ ಅನ್ನಲು ಅದು ಬೇಕು. ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಒಯ್ಯಬಹುದು, ಅಷ್ಟು ಬೇಕಾಗುವುದಿಲ್ಲ. ಸ್ವಲ್ಪ ನೋಟು, ವಿದೇಶಿ ಹಣ ತುಂಬಿಸಿದ ಒಂದು ಫಾರೆಕ್ಸ್ ಕಾರ್ಡ್ ಸಾಕು. ಎಲ್ಲದಕ್ಕೂ ಅಳಿಯನ ಜೇಬು ನೋಡಬಾರದು.

ಔಷಧಿ ಮತ್ತು ವಿಮೆ

ಬಿಪಿ, ಸಕ್ಕರೆಯ ಮಾತ್ರೆ ಇರುವ ದಿನಕ್ಕೆ ಸಾಕಾಗುವಷ್ಟು, ಮೇಲೆ ಎರಡು ವಾರದ್ದು. ಅಮೆರಿಕಕ್ಕೆ ಮೂರು ತಿಂಗಳ ಅಳತೆ ಮೀರಬೇಡಿ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಡಾಕ್ಟರ ಹತ್ತಿರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿ, ಕಂಪನಿಯ ಹೆಸರು ಅಲ್ಲಿ ಗೊತ್ತಾಗುವುದಿಲ್ಲ. ಎಲ್ಲಾ ಕೈಚೀಲದಲ್ಲಿ. ಯುಎಇಗೆ ಕೋಡೀನ್, ಟ್ರಮಡಾಲ್ ಇರುವ ಕೆಮ್ಮು, ನೋವಿನ ಔಷಧಿಗೆ ಮೊದಲೇ ಅನುಮತಿ ಬೇಕು. ಕಷಾಯ, ಅರಿಷ್ಟದ ಬಾಟಲಿ ದೊಡ್ಡ ಪೆಟ್ಟಿಗೆಗೆ.

ವಿಮೆ ಇಲ್ಲದೆ ಹೋಗಲೇಬೇಡಿ, ಅದರಲ್ಲೂ ಅಮೆರಿಕಕ್ಕೆ. ಅಲ್ಲಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಬರುವ ಬಿಲ್ಲಿಗೆ ಇಲ್ಲಿ ವರ್ಷದ ಅಡಿಕೆ ಸಾಲುವುದಿಲ್ಲ. ವಿಮೆಯಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಚಿಕಿತ್ಸೆಗೆ ಇಂತಿಷ್ಟೇ ಅಂತ ನಿಗದಿ, ಕಂತು ಅಗ್ಗ, ಆದರೆ ದೊಡ್ಡ ಬಿಲ್ಲು ಬಂದಾಗ ಕೈಕೊಡುತ್ತದೆ. ಇನ್ನೊಂದರಲ್ಲಿ ಮೊದಲಿನ ಒಂದು ಮೊತ್ತ ನಮ್ಮದು, ಅದರ ಮೇಲಿನದರ ಬಹುಪಾಲು ಅವರದು. ಎರಡನೆಯದನ್ನೇ ಮಾಡಿಸಿ. ಮೊದಲಿನಿಂದ ಇರುವ ಕಾಯಿಲೆಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅದೇ ಕಾಯಿಲೆ ಅಚಾನಕ್ ಉಲ್ಬಣಿಸಿದರೆ ಕೊಡುತ್ತಾರಾ, ಯಾವ ವಯಸ್ಸಿನವರೆಗೆ ಅಂತ ಬರಹದಲ್ಲಿ ನೋಡಿ. ಹಲ್ಲಿನ ಕೆಲಸ, ಕನ್ನಡಕ ಇಲ್ಲೇ ಮುಗಿಸಿ ಹೋಗಿ.

ಘಟ್ಟ ಇಳಿದು ವಿಮಾನ ಹತ್ತುವುದು

ಕಾರವಾರದವರಿಗೆ ಗೋವಾದ ದಾಬೋಲಿಂ ಹತ್ತಿರ. ಆದರೆ ಗೋವಾದಲ್ಲಿ 2023ರಿಂದ ಮೋಪಾದಲ್ಲೂ ನಿಲ್ದಾಣ ಇದೆ, ಅದು ಇನ್ನೂ ದೂರ. ಟಿಕೆಟಿನಲ್ಲಿ ಯಾವುದು ಅಂತ ಎರಡು ಸಲ ಓದಿ. ಭಟ್ಕಳ, ಹೊನ್ನಾವರದವರು ಗಲ್ಫಿಗೆ ಹೋಗಲು ಮಂಗಳೂರು ನೋಡಿ. ಉಳಿದವರಿಗೆ ಬೆಂಗಳೂರು. ಕರಾವಳಿಯಿಂದ ಪಂಚಗಂಗಾ ಎಕ್ಸ್‌ಪ್ರೆಸ್, ಶಿರಸಿ-ಸಿದ್ದಾಪುರದವರಿಗೆ ತಾಳಗುಪ್ಪದ ರೈಲು ಅಥವಾ ರಾತ್ರಿ ಬಸ್ಸು. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್ಲಿನಿಂದ.

ಮಳೆಗಾಲದಲ್ಲಿ ಹೊರಡುವುದಾದರೆ ಒಂದು ದಿನ ಮೊದಲೇ ಊರು ಬಿಡಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತು. ಮುಂದಿನ ತಿಂಗಳೇ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ದೇವಿಮನೆ, ಅರಬೈಲು, ಅಣಶಿ, ಯಾವ ಘಟ್ಟ ಯಾವಾಗ ಬಂದಾಗುತ್ತದೋ ಹೇಳಲು ಬರುವುದಿಲ್ಲ.

ಟಿಕೆಟ್ ಮಾಡಿಸುವಾಗ ಊಟವನ್ನೂ ಬರೆಸಿ. ಹಿಂದೂ ಮೀಲ್ ಅಂತ ಇರುವುದು ಸಸ್ಯಾಹಾರ ಅಲ್ಲ, ಅದರಲ್ಲಿ ಕೋಳಿ, ಕುರಿ ಇರಬಹುದು. ಸಸ್ಯಾಹಾರಿಗಳು ಏಷ್ಯನ್ ವೆಜಿಟೇರಿಯನ್ ಕೇಳಬೇಕು, ಅದರ ಗುರುತು ಎವಿಎಂಎಲ್. ಹೊರಡುವ 24 ಗಂಟೆ ಮೊದಲಾದರೂ ಹೇಳಿರಬೇಕು. ಮಂಡಿನೋವು ಇದ್ದವರು, ದೊಡ್ಡ ನಿಲ್ದಾಣದಲ್ಲಿ ದಾರಿ ತಪ್ಪುವ ಭಯ ಇದ್ದವರು 48 ಗಂಟೆ ಮೊದಲು ವೀಲ್‌ಚೇರ್ ಬರೆಸಿ. ವಿಮಾನ ಬದಲಿಸುವಲ್ಲಿ ಅವರೇ ಕರೆದುಕೊಂಡು ಹೋಗುತ್ತಾರೆ. ವಿಮಾನದಲ್ಲಿ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ನೀರು ಕುಡಿಯಿರಿ. ಮಗಳ ವಿಳಾಸ, ಫೋನ್ ನಂಬರ್ ಕಾಗದದಲ್ಲಿ ಬರೆದು ಇಬ್ಬರ ಹತ್ತಿರವೂ ಇರಲಿ.

ಅಲ್ಲಿ ಇರುವಾಗ

ಮೊದಲ ದಿನವೇ ಮಗಳ ಹತ್ತಿರ ಐ-94 ಅನ್ನುವ ಪ್ರವೇಶ ದಾಖಲೆ ನೋಡಿಸಿ. ಅಮೆರಿಕದಲ್ಲಿ ವೀಸಾ ಹತ್ತು ವರ್ಷದ್ದಿರಬಹುದು, ಆದರೆ ಈ ಸಲ ಎಲ್ಲಿಯವರೆಗೆ ಇರಬಹುದು ಅನ್ನುವ ತಾರೀಖು ಐ-94ರಲ್ಲಿರುತ್ತದೆ. ತುರ್ತಿಗೆ ಅಮೆರಿಕ, ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನಲ್ಲಿ 112. ಯುಎಇಯಲ್ಲಿ ಪೊಲೀಸರಿಗೆ 999, ಆಂಬುಲೆನ್ಸಿಗೆ 998.

ಅಡುಗೆಮನೆಗೆ ಹೋಗುವ ಮೊದಲು ಮಗಳ ಹತ್ತಿರ ಒಲೆ, ಫ್ಯಾನ್ ಎಲ್ಲಾ ತೋರಿಸಿಕೊಳ್ಳಿ. ಸಾಸಿವೆ, ಒಣಮೆಣಸಿನ ಒಗ್ಗರಣೆಯ ಹೊಗೆಗೆ ಚಾವಣಿಯಲ್ಲಿರುವ ಅಲಾರಂ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆದು, ಆಮೇಲೆ ಎಣ್ಣೆ ಇಡಿ. ಅವರ ಡಬ್ಬಿಗಳ ಜಾಗ ಬದಲಿಸಬೇಡಿ. ಮಕ್ಕಳಿಗೆ ಊಟ ಮಾಡಿಸುವುದು, ಮಲಗಿಸುವ ಹೊತ್ತು, ಎಲ್ಲಾ ಅವರ ಪದ್ಧತಿಯಲ್ಲೇ ನಡೆಯಲಿ. ಸಂಜೆ ಅವರು ಸುಸ್ತಾಗಿ ಬಂದಾಗ ಬಿಸಿ ಅನ್ನ, ಅಪ್ಪೆಹುಳಿ ಇದ್ದರೆ ಅದೇ ದೊಡ್ಡ ಸಹಾಯ. ಮೊಮ್ಮಕ್ಕಳ ಹತ್ತಿರ ಕನ್ನಡದಲ್ಲೇ ಮಾತಾಡಿ. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಬಿಡಬೇಡಿ, ಕಿವಿಗೆ ಬೀಳುತ್ತಾ ಇರಲಿ.

ವಾರದಲ್ಲಿ ಎರಡು ದಿನವಾದರೂ ಗಂಡ-ಹೆಂಡತಿ ಇಬ್ಬರೇ ಹೊರಗೆ ಹೋಗಿ. ಶನಿವಾರ, ಭಾನುವಾರ ಮಕ್ಕಳು ಕಾರಿನಲ್ಲಿ ತಿರುಗಾಡಿಸುತ್ತಾರೆ, ಸರಿ. ಆದರೆ ನಾವೇ ಹೋಗಿ ಬಂದ ಜಾಗದ ಖುಷಿ ಬೇರೆ. ಮೊದಲ ವಾರ ಮನೆಯ ಸುತ್ತಲಿನ ಬೀದಿ, ಉದ್ಯಾನ. ಎರಡನೇ ವಾರ ಗ್ರಂಥಾಲಯ. ಅಮೆರಿಕದ ಸಾರ್ವಜನಿಕ ಗ್ರಂಥಾಲಯದಲ್ಲಿ ಯಾರೂ ಹೋಗಿ ಕೂತು ಓದಬಹುದು. ಮೂರನೇ ವಾರಕ್ಕೆ ಬಸ್ಸು, ರೈಲು. ಹೋಗುವ ದಾರಿ, ಇಳಿಯುವ ನಿಲ್ದಾಣ, ವಾಪಸಿನ ಸಮಯ ಕಾಗದದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ.

ದುಡ್ಡಿಲ್ಲದೆ ನೋಡುವುದು ಬೇಕಾದಷ್ಟಿದೆ. ವಾಷಿಂಗ್ಟನ್ನಿನಲ್ಲಿ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಕೂಡ ಹಾಗೇ. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನವರ ಮೂರ್ತಿ ಇದೆ. ದುಬೈಯಲ್ಲಿ ಒಂದು ದಿರ್ಹಮ್ ಕೊಟ್ಟರೆ ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿಸುತ್ತಾರೆ. ಸಂಜೆ ಹೊತ್ತು ಮಸಾಲೆ ಮಾರುಕಟ್ಟೆಯ ಕಡೆ ಹೋಗಿ ಬನ್ನಿ. ಏಲಕ್ಕಿ, ಕಾಳುಮೆಣಸಿನ ರಾಶಿ ಕಂಡು, ರೇಟು ಕೇಳಿ, ನಮ್ಮನೆಯವರು ಅಂಗಡಿಯವರ ಹತ್ತಿರ ಅರ್ಧ ಗಂಟೆ ಹರುಕುಮುರುಕು ಹಿಂದಿಯಲ್ಲಿ ಶಿರಸಿ ಮೆಣಸಿನ ವಿಷಯ ಮಾತಾಡಿದರು. ಆ ದಿನ ಅವರಿಗೆ ಎತ್ತರದ ಕಟ್ಟಡಗಳಿಗಿಂತ ಅದೇ ಇಷ್ಟವಾಯಿತು.

ಬೇರೆ ನೆಂಟರ ಮನೆಗೂ ಹೋಗುವುದಿದ್ದರೆ ಎರಡು ರಾತ್ರಿ ಸಾಕು. ಮೊದಲೇ ತಾರೀಖು ಹೇಳಿ, ಅವರಿಗೂ ಅಂತ ಹಪ್ಪಳದ ಒಂದು ಕಟ್ಟು ತೆಗೆದಿಡಿ. ಹತ್ತಿರದ ಕನ್ನಡ ಕೂಟದಲ್ಲಿ ಯುಗಾದಿ ಕಾರ್ಯಕ್ರಮ ಇದೆಯಾ ಕೇಳಿ. ಮಾರ್ಚ್-ಏಪ್ರಿಲಿನಲ್ಲಿ ಹೋದವರಿಗೆ ಅದು ಸಿಗುತ್ತದೆ, ನಮ್ಮ ವಯಸ್ಸಿನ ಇನ್ನಷ್ಟು ಅಪ್ಪ-ಅಮ್ಮಂದಿರೂ ಸಿಗುತ್ತಾರೆ.

ಭೇಟಿ ವೀಸಾದಲ್ಲಿ ದುಡ್ಡು ಪಡೆದು ಯಾವ ಕೆಲಸವನ್ನೂ ಮಾಡಬಾರದು. ಪಕ್ಕದ ಮನೆಯ ಮಗುವನ್ನು ನೋಡಿಕೊಳ್ಳುವುದು, ಅಡುಗೆ ಮಾಡಿ ಮಾರುವುದು, ಎರಡೂ ತಪ್ಪು. ಮಗಳ ವೀಸಾಕ್ಕೂ ತೊಂದರೆ ತರಬಹುದು.

ವಾಪಸು

ಒಂದು ವಾರ ಮೊದಲೇ ಪೆಟ್ಟಿಗೆ ತೂಕ ಮಾಡಿ. ಖಾಲಿಯಾದ ಉಪ್ಪಿನಕಾಯಿ ಡಬ್ಬಿಗಳನ್ನು ಎಸೆಯಬೇಡಿ, ತೊಳೆದು ವಾಪಸು ತನ್ನಿ. ತೋಟ ನೋಡಿಕೊಂಡವರಿಗೆ, ಆಕಳು ಕಟ್ಟಿದವರಿಗೆ ಏನಾದರೂ ತರಬೇಕು, ಅವರ ಹೆಸರು ಪಟ್ಟಿಯಲ್ಲಿ ಮೊದಲು ಇರಲಿ. ಒಂದು ದೊಡ್ಡ ಲಕೋಟೆಯಲ್ಲಿ ಬೋರ್ಡಿಂಗ್ ಪಾಸು, ಐ-94ರ ಪ್ರತಿ, ವಿಮೆಯ ಕಾಗದ ಎಲ್ಲಾ ಹಾಕಿ, ಮೇಲೆ ವರ್ಷ ಬರೆದು, ಪಾಸ್‌ಪೋರ್ಟಿನ ಜೊತೆ ಕಪಾಟಿನಲ್ಲಿಡಿ. ಮುಂದಿನ ವೀಸಾ ಫಾರಂನಲ್ಲಿ ಹಿಂದೆ ಯಾವ ದಿನ ಬಂದಿರಿ, ಎಷ್ಟು ದಿನ ಇದ್ದಿರಿ ಅಂತ ಕೇಳುತ್ತಾರೆ. ಆಗ ಈ ಲಕೋಟೆ ತೆಗೆದು ತಾರೀಖು ನೋಡಿ ಬರೆಯಬಹುದು.